ನಲವತ್ತು ಬೆಟ್ಟಗಳ ಪಾಸು

ಮೂಳೆ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸಾಗಿದ್ದ ರತ್ನಾವತಿಗೆ ಹಿಮದ ಮೇಲೆ ಸ್ಕೀ ಮಾಡುವವರನ್ನು ಕಂಡರೆ ಮೊದಮೊದಲು ಸಿಟ್ಟೇ ಬರುತ್ತಿತ್ತು. ಚಳಿಗಾಲ ಶುರುವಾಯಿತೆಂದರೆ ಸಾಕು, ಟಾಹೋ ಸರೋವರದ ಕಡೆಯ ಬೆಟ್ಟಗಳಿಂದ ಒಬ್ಬೊಬ್ಬರಾಗಿ ಬರುತ್ತಿದ್ದರು. ಮಂಡಿ ತಿರುಚಿಕೊಂಡವರು, ಮಣಿಕಟ್ಟು ಮುರಿದುಕೊಂಡವರು, ಹೆಗಲ ಕೀಲು ತಪ್ಪಿಸಿಕೊಂಡವರು. ಇವರಿಗೆಲ್ಲ ಮನೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಬ್ಯಾಂಡೇಜು ಸುತ್ತುತ್ತಲೇ ಗೊಣಗುತ್ತಿದ್ದಳು. ಅಂಥವಳು ನಿವೃತ್ತಿಯಾದ ಮೊದಲ ಚಳಿಗಾಲದಲ್ಲಿ, ಅದೇ ವಾರ್ಡಿನಲ್ಲಿ ಜೊತೆಗಿದ್ದ ಡೋರಿಸ್‌ಳ ಒತ್ತಾಯಕ್ಕೆ ಕಟ್ಟುಬಿದ್ದು ಬಕ್‌ಹಾರ್ನ್ ಎಂಬ ಸಣ್ಣ ಬೆಟ್ಟಕ್ಕೆ ಹೋದಳು. ಬೆಳಗಿಡೀ ಬಿದ್ದಳು. ಮಧ್ಯಾಹ್ನದ ಮೇಲೆ, ಮಕ್ಕಳು ಕಲಿಯುವ ಇಳಿಜಾರಿನಲ್ಲಿ, ಒಂದು ಸಲ ಬೀಳದೆ ಕೆಳಗಿನವರೆಗೆ ಬಂದಳು. ಗಾಳಿ ಕಿವಿಯ ಪಕ್ಕ ಹಾದುಹೋದ ಆ ಕೆಲವು ಗಳಿಗೆ ಅವಳಿಗೆ ಗಂಡ ಜಯರಾಜ್ ಇಲ್ಲವೆಂಬುದೂ ನೆನಪಿರಲಿಲ್ಲ, ತನ್ನ ವಯಸ್ಸೂ ನೆನಪಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಡೋರಿಸ್, "ಮುಂದಿನ ಮಂಗಳವಾರ?" ಎಂದು ಕೇಳಿದಳು. ರತ್ನಾವತಿ ಹೂಂ ಅಂದಳು.

ಅಲ್ಲಿಂದಾಚೆಗೆ ಚಳಿಗಾಲದ ಅವಳ ಮಂಗಳವಾರಗಳು ಯಾರಿಗೂ ಸಿಗಲಿಲ್ಲ. ನಿವೃತ್ತರ ಕ್ಲಬ್ಬಿನ ಬಸ್ಸು ಪ್ಲೆಸೆಂಟನ್ನಿನ ಬಾರ್ಟ್ ರೈಲು ಸ್ಟೇಷನ್ನಿನ ಪಾರ್ಕಿಂಗ್ ಜಾಗದಿಂದ ಬೆಳಕು ಹರಿಯುವ ಮೊದಲೇ ಹೊರಡುತ್ತಿತ್ತು. ರತ್ನಾವತಿ ಇದ್ದದ್ದು ಫ್ರೀಮಾಂಟಿನ ಒಂದು ಪುಟ್ಟ ಅಪಾರ್ಟ್‌ಮೆಂಟಿನಲ್ಲಿ; ಮಗಳು ನಿಶ್ಮಿತಾ, ಅಳಿಯ ಸುಜಯ್, ಮೊಮ್ಮಗಳು ಮಾನ್ಯಾ ಇದ್ದದ್ದು ಪ್ಲೆಸೆಂಟನ್ನಿನಲ್ಲಿ. ಹಾಗಾಗಿ ಸೋಮವಾರ ಸಂಜೆಯೇ ಬಂದು ಮಗಳ ಮನೆಯಲ್ಲಿ ಉಳಿಯುತ್ತಿದ್ದಳು. ಅವಳ ಸ್ಕೀ, ಬೂಟು, ಹಸಿರು ಜಾಕೆಟ್ಟು ಎಲ್ಲ ಇರುತ್ತಿದ್ದದ್ದು ಆ ಮನೆಯ ಗರಾಜಿನಲ್ಲೇ. ಅಮ್ಮ ಮಗಳು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಸುಜಯ್ ಮೈಸೂರಿನವನು, ಅವನು ಬಂದು ಕೂತನೆಂದರೆ ಮಾತು ಕನ್ನಡಕ್ಕೆ ಹೊರಳುತ್ತಿತ್ತು.

ಬಕ್‌ಹಾರ್ನಿನಲ್ಲಿ ಇದ್ದದ್ದು ಜನರನ್ನು ಕುರ್ಚಿಯಲ್ಲಿ ಕೂರಿಸಿ ಬೆಟ್ಟ ಹತ್ತಿಸುವ ಮೂರು ಹಳೆಯ ಚೇರ್‌ಲಿಫ್ಟು, ಕೂತು ದಣಿವಾರಿಸಿಕೊಳ್ಳಲು ನೆಲ ಕಿರುಗುಟ್ಟುವ ಒಂದು ಮರದ ಲಾಡ್ಜು. ಹಿರಿಯರಿಗೆಂದು ವಾರದ ದಿನಗಳಿಗಷ್ಟೇ ನಡೆಯುವ ಅಗ್ಗದ ಪಾಸೊಂದಿತ್ತು. ಟಿಕೇಟು ಕಿಟಕಿಯ ಟ್ರೇಸಿಗೆ ರತ್ನಾವತಿ ಎಂಬ ಹೆಸರು ಬಾಯಿಗೆ ಹಿಡಿಯುತ್ತಿರಲಿಲ್ಲ, "ರಟ್ನಾ" ಎನ್ನುತ್ತಿದ್ದಳು. ಪಾಸು ಮರೆತು ಬಂದ ದಿನ, "ಹೋಗು ಹೋಗು, ನಿನ್ನ ಮುಖವೇ ಪಾಸು" ಎಂದು ಬಿಟ್ಟದ್ದೂ ಉಂಟು.

ಹೋದ ವರ್ಷ ಮಾರ್ಚಿನಲ್ಲಿ ಆಲ್‌ಪೀಕ್ಸ್ ಎಂಬ ಕಂಪನಿ ಬಕ್‌ಹಾರ್ನನ್ನು ಕೊಂಡುಕೊಂಡಿತು. ಹಿರಿಯರ ಪಾಸು ರದ್ದಾಯಿತು. ಒಂದು ದಿನದ ಟಿಕೇಟಿನ ಬೆಲೆಯನ್ನು, ಕೇಳಿದವರು ಬೆಚ್ಚಿ ಹಿಂದೆ ಸರಿಯುವಷ್ಟು ಏರಿಸಿದರು. ಉಳಿದದ್ದು ಒಂದೇ ದಾರಿ: ಕಂಪನಿಯ ನಲವತ್ತು ಬೆಟ್ಟಗಳಿಗೂ ನಡೆಯುವ ಆಲ್‌ಪೀಕ್ಸ್ ಪಾಸು. ಅದನ್ನೂ, ಈ ಸಲ ಹಿಮ ಬೀಳುತ್ತದೋ ಇಲ್ಲವೋ ಎಂದು ಯಾರಿಗೂ ಗೊತ್ತಿಲ್ಲದ ಬೇಸಿಗೆಯಲ್ಲೇ ಕೊಂಡಿಡಬೇಕು. ಕೊಂಡ ಮೇಲೆ ವಾಪಸು ಮಾಡುವಂತಿಲ್ಲ.

ಸುಜಯ್‌ಗೆ ಹಿಡಿಸಲಾರದಷ್ಟು ಖುಷಿ. "ಅತ್ತೆ, ಇದು ಸೂಪರ್ ಡೀಲು. ಕೊಲೊರಾಡೋ, ಯೂಟಾ, ಜಪಾನಲ್ಲಿ ಕೂಡ ಎರಡು ಬೆಟ್ಟ ಇದೆ. ನಾಲ್ಕು ದಿನ ಹೋದ್ರೆ ದುಡ್ಡು ವಾಪಸ್ ಬಂದಂಗೆ. ಐದನೇ ದಿನದಿಂದ ಎಲ್ಲಾ ಫ್ರೀ."

"ಜಪಾನಿನಲ್ಲಿ ನನಗೆ ಎಂತ ಕೆಲಸ ಉಂಟು ಮಾರಾಯ್ರೆ? ನನಗೆ ಒಂದು ಗುಡ್ಡೆ ಸಾಕು."

"ಆ ಒಂದು ಗುಡ್ಡಕ್ಕೂ ಈಗ ಇದೇ ಪಾಸು ಬೇಕಲ್ಲ ಅತ್ತೆ."

ಅದು ನಿಜವಾಗಿತ್ತು. ರತ್ನಾವತಿ ತನ್ನ ಪಾಲಿನ ಚೆಕ್ಕು ಬರೆದುಕೊಟ್ಟಳು. ಸುಜಯ್ ತನ್ನ ಖಾತೆಯಲ್ಲೇ ನಾಲ್ವರಿಗೂ ಪಾಸು ತೆಗೆದ. ಮನೆಗೆ ನಾಲ್ಕು ಪ್ಲಾಸ್ಟಿಕ್ ಕಾರ್ಡು ಬಂತು. ಜಾಕೆಟ್ಟಿನ ತೋಳಿನ ಜೇಬಿನಲ್ಲಿ ಇಟ್ಟುಕೊಂಡರೆ ಸಾಕು. ಗೇಟಿನ ಯಂತ್ರ ಅಲ್ಲಿಂದಲೇ ಓದಿಕೊಂಡು ಬಾಗಿಲು ಬಿಡುತ್ತಿತ್ತು, ಕಾವಲಿನವನ ಕೈಯಲ್ಲಿರುವ ಪರದೆಯ ಮೇಲೆ ಪಾಸಿನವರ ಮುಖ ಮೂಡುತ್ತಿತ್ತು.

ಆ ಪಾಸಿನಿಂದ ಒಳ್ಳೆಯದೇನೂ ಆಗಲಿಲ್ಲ ಎಂದರೆ ಸುಳ್ಳಾದೀತು. ಡಿಸೆಂಬರಿನಲ್ಲಿ ಎಲ್ಲರೂ ಸೇರಿ ಒಂದು ದೊಡ್ಡ ಬೆಟ್ಟಕ್ಕೆ ಹೋದರು. ತುದಿಯಲ್ಲಿ ಲಿಫ್ಟಿನಿಂದ ಇಳಿದು ತಿರುಗಿದರೆ ಕೆಳಗೆ ಇಡೀ ಸರೋವರ, ಕಡು ನೀಲಿಯಾಗಿ. ಮಾನ್ಯಾ ಅಜ್ಜಿಯ ಹಿಂದೆಯೇ, ಅಜ್ಜಿ ತಿರುಗಿದಲ್ಲೇ ತಿರುಗುತ್ತ, ಕೆಳಗಿನವರೆಗೆ ಬಂದು "ಅಗೇನ್, ಅಜ್ಜಿ" ಎಂದಳು. ನಿಶ್ಮಿತಾ ಎಷ್ಟೋ ತಿಂಗಳ ಮೇಲೆ ಫೋನು ನೋಡದೆ ನಕ್ಕಳು. ಆ ದಿನ ರತ್ನಾವತಿ ಅಳಿಯನಿಗೆ ಬಾಯಿಬಿಟ್ಟೇ ಹೇಳಿದಳು, "ನೀವು ಮಾಡಿದ್ದು ಒಳ್ಳೇದಾಯ್ತು."

ಆದರೆ ಸುಜಯ್‌ಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ಪಾಸು ಕೈಗೆ ಬಂದಾಗಿನಿಂದ ಅವನಿಗೆ ಸುಮ್ಮನೆ ಮನೆಯಲ್ಲಿ ಕಳೆದ ಶನಿವಾರವೆಲ್ಲ ನಷ್ಟದ ಶನಿವಾರವಾಗಿ ಕಾಣತೊಡಗಿತು. ಮಳೆ ಬರಲಿ, ಫ್ರೀವೇಯಲ್ಲಿ ಕಾರುಗಳು ಸ್ಯಾಕ್ರಮೆಂಟೊ ದಾಟುವ ಮೊದಲೇ ಸಾಲುಗಟ್ಟಲಿ, ಹೊರಡಲೇಬೇಕು. ಗಾಳಿಗೆ ಲಿಫ್ಟು ನಿಂತು ಲಾಡ್ಜಿನಲ್ಲಿ ಕೂತು ಬಂದ ದಿನವನ್ನೂ, ಗೇಟಿನಲ್ಲಿ ಒಮ್ಮೆ ಕಾರ್ಡು ತೋರಿಸಿದ್ದರೆ, ಅವನು ಲೆಕ್ಕಕ್ಕೆ ಹಿಡಿಯುತ್ತಿದ್ದ. ಮಾನ್ಯಾ ಶುಕ್ರವಾರ ಸಂಜೆ "ಹೊಟ್ಟೆ ನೋವು" ಎನ್ನುವುದನ್ನು ಕಲಿತಳು. ಅವಳಿಗೆ ಸರಿಯಾಗಿ ಬರುತ್ತಿದ್ದ ಕನ್ನಡದ ಮಾತುಗಳಲ್ಲಿ ಅದೊಂದು.

ಜನವರಿಯ ಒಂದು ಶನಿವಾರ ಸುಜಯ್ ಮತ್ತು ನಿಶ್ಮಿತಾ, ಸುಜಯ್‌ನ ಆಫೀಸಿನ ಡೈರೆಕ್ಟರನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಆ ದೊಡ್ಡ ಬೆಟ್ಟಕ್ಕೆ ಹೋದರು. ಡೈರೆಕ್ಟರ್ ದಂಪತಿ ನ್ಯೂಯಾರ್ಕಿನಿಂದ ಹೊಸದಾಗಿ ಬಂದವರು. ರತ್ನಾವತಿ ಅಂದು ಪ್ಲೆಸೆಂಟನ್ನಿನಲ್ಲಿ ಉಳಿದು ಮಾನ್ಯಾಳನ್ನು ನೋಡಿಕೊಂಡಳು. ಗೆಳತಿಯ ಹುಟ್ಟುಹಬ್ಬಕ್ಕೆ ಕರೆದುಕೊಂಡು ಹೋಗಿ, ಬಂದ ಮೇಲೆ ನೀರುದೋಸೆ ಹೊಯ್ದುಕೊಟ್ಟಳು.

ಮುಂದಿನ ಮಂಗಳವಾರ ಎಂದಿನಂತೆ ಎದ್ದು ಗರಾಜಿನಲ್ಲಿ ಜಾಕೆಟ್ಟು ತೊಟ್ಟಾಗ, ಜೇಬಿನಲ್ಲಿ ತುಟಿಗೆ ಹಚ್ಚುವ ಮುಲಾಮಿನ ಡಬ್ಬಿಯೊಂದು ಕೈಗೆ ತಗುಲಿತು. ನಿಶ್ಮಿತಾಳದ್ದಿರಬೇಕು ಎಂದುಕೊಂಡು ಅಲ್ಲೇ ಕಪಾಟಿನ ಮೇಲಿಟ್ಟು ಬಸ್ಸಿಗೆ ಹೊರಟಳು.

ಬಕ್‌ಹಾರ್ನಿನಲ್ಲಿ ಬಿಸಿಲಿತ್ತು, ಹಿಂದಿನ ದಿನವಷ್ಟೇ ಹೊಸ ಹಿಮ ಬಿದ್ದಿತ್ತು. ಡೋರಿಸ್ ಗೇಟು ದಾಟಿ ಹೋದಳು. ರತ್ನಾವತಿ ಬಂದಾಗ ಗೇಟು ತೆರೆಯಲಿಲ್ಲ. ಕೆಂಪು ದೀಪ ಹತ್ತಿತು, ಯಂತ್ರ ಕರ್ಕಶವಾಗಿ ಕೂಗಿತು. ಹಿಂದೆ ಸರಿದು ಮತ್ತೆ ಬಂದಳು. ಮತ್ತೆ ಕೆಂಪು. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡತೊಡಗಿದರು. ಕಾವಲಿನ ಹೊಸ ಹುಡುಗಿ ಕೈಯಲ್ಲಿನ ಪರದೆ ನೋಡಿ, ಅವಳ ಮುಖ ನೋಡಿ, "ಮ್ಯಾಮ್, ಪಕ್ಕಕ್ಕೆ ಬನ್ನಿ. ಆಫೀಸಿಗೆ ಹೋಗಬೇಕು" ಎಂದಳು.

ಆಫೀಸಿನಲ್ಲಿದ್ದದ್ದು ಟ್ರೇಸಿಯೇ. ಈಗ ಆಲ್‌ಪೀಕ್ಸಿನ ನೀಲಿ ಅಂಗಿ, ಎದೆಯ ಮೇಲೆ ಸೂಪರ್‌ವೈಸರ್ ಎಂಬ ಬಿಲ್ಲೆ. ಅವಳು ಕಂಪ್ಯೂಟರು ನೋಡಿದಳು, ಆಮೇಲೆ ಬಾಗಿಲು ಮುಚ್ಚಿ ಬಂದು ಕೂತಳು.

"ರಟ್ನಾ, ನಿನ್ನ ಪಾಸು ರದ್ದಾಗಿದೆ. ಶನಿವಾರ ಇದರಲ್ಲಿ ಬೇರೆ ಹೆಂಗಸೊಬ್ಬಳು ಹೋಗಿದ್ದಾಳೆ. ಇಲ್ಲಿ ಅಲ್ಲ, ಆಚೆಯ ದೊಡ್ಡ ಬೆಟ್ಟದಲ್ಲಿ. ಪರದೆಯ ಮೇಲಿನ ಮುಖ ಹೊಂದಲಿಲ್ಲವೆಂದು ಅಲ್ಲಿನವರು ಆಮೇಲೆ ವರದಿ ಮಾಡಿದ್ದಾರೆ."

"ಶನಿವಾರ ನಾನು ಮನೆಯಲ್ಲಿದ್ದೆ."

"ಅದೇ ಹೇಳುತ್ತಿರುವುದು. ಪಾಸನ್ನು ಇನ್ನೊಬ್ಬರಿಗೆ ಕೊಟ್ಟರೆ ಮೋಸ ಎಂದು ನಿಯಮ. ಈ ಸೀಸನ್ನಿಗೆ ಇನ್ನು ಪಾಸಿಲ್ಲ. ನಲವತ್ತು ಬೆಟ್ಟದಲ್ಲೂ ಇಲ್ಲ." ಟ್ರೇಸಿ ಅವಳ ತೋಳಿನತ್ತ ನೋಡಿದಳು. "ಹಸಿರು ಜಾಕೆಟ್ಟು, ತೋಳಿನ ಮೇಲೆ ಬಿಳಿ ಪಟ್ಟಿ ಎಂದು ಬರೆದಿದ್ದಾರೆ."

ರತ್ನಾವತಿ ತಾನು ತೊಟ್ಟ ಜಾಕೆಟ್ಟಿನ ತೋಳು ನೋಡಿಕೊಂಡಳು. ಎಲ್ಲವೂ ಒಂದೇ ಕ್ಷಣಕ್ಕೆ ಅರ್ಥವಾಯಿತು. ಅಳಿಯನ ಹೆಸರು ನಾಲಿಗೆಯ ತುದಿಗೆ ಬಂದರೂ ಹೇಳಲಿಲ್ಲ. ಪರರ ಮುಂದೆ ಮನೆಯವರನ್ನು ಬಯ್ದು ಅವಳಿಗೆ ಅಭ್ಯಾಸವಿರಲಿಲ್ಲ. ಎದ್ದು ಹೊರಗೆ ಬಂದಳು.

ಬಸ್ಸು ಹೊರಡುವುದು ಸಂಜೆಗೆ. ಅಲ್ಲಿಯವರೆಗೆ ಲಾಡ್ಜಿನ ಕಿಟಕಿಯ ಪಕ್ಕ ಕೂತಳು. ಎದುರಿಗೇ ಬೆಟ್ಟ, ಹೊಸ ಹಿಮ, ಇಳಿದು ಬರುವ ಜನ. ಎರಡು ಸಲ ಇಳಿದು ಬಂದ ಡೋರಿಸ್ ಕತೆ ಕೇಳಿ, "ನಾನು ಹೋಗಿ ಕೂಗಾಡಲಾ?" ಎಂದಳು. "ನೀನು ಹೋಗಿ ಸ್ಕೀ ಮಾಡು" ಎಂದಳು ರತ್ನಾವತಿ. ಸೂಪು ತಂದಿಟ್ಟರೆ ಮುಟ್ಟಲಿಲ್ಲ. ಕಳ್ಳಿ ಎಂದು ಯಾರೂ ಬಾಯಿಬಿಟ್ಟು ಅಂದಿರಲಿಲ್ಲ, ನಿಜ. ಆದರೆ ಗೇಟಿನಲ್ಲಿ ಆ ಯಂತ್ರ ಕೂಗಿದಾಗ ಹಿಂದಿದ್ದವರು ನೋಡಿದ ನೋಟ ಅವಳ ಬೆನ್ನಿನ ಮೇಲೆ ಹಾಗೇ ಕೂತಿತ್ತು.

ಸಾಮಾನ್ಯವಾಗಿ ಬಸ್ಸು ನಿಲ್ಲುವಲ್ಲಿಗೆ ಬಂದು ಕರೆದೊಯ್ಯುತ್ತಿದ್ದದ್ದು ನಿಶ್ಮಿತಾ. ಅಂದು ಸುಜಯ್ ಬಂದಿದ್ದ. ಸ್ಕೀಗಳನ್ನು ತಾನೇ ಎತ್ತಿ ಕಾರಿಗಿಟ್ಟ. ಕಾರು ಹೊರಟ ಮೇಲೆ ರಸ್ತೆಯನ್ನೇ ನೋಡುತ್ತ ಕೇಳಿದ, "ಹೇಗಿತ್ತು ಅತ್ತೆ, ಸ್ನೋ?"

"ಒಳ್ಳೇದಿತ್ತಂತೆ."

ಅವನು ಮತ್ತೇನೂ ಕೇಳಲಿಲ್ಲ. ಕೇಳದ್ದರಿಂದಲೇ ರತ್ನಾವತಿಗೆ ತಿಳಿಯಿತು, ಇವನಿಗೆ ಮೊದಲೇ ಗೊತ್ತಿದೆ.

ಮಾನ್ಯಾ ತನ್ನ ಕೋಣೆಗೆ ಹೋಗುವವರೆಗೆ ಕಾದು, ಊಟದ ಮೇಜಿನ ಮುಂದೆ ನಿಂತೇ ಕೇಳಿದಳು, "ನನ್ನ ಪಾಸು ಯಾರಿಗೆ ಕೊಟ್ಟಿದ್ದು?"

ಸುಜಯ್ ನಿಶ್ಮಿತಾಳ ಮುಖ ನೋಡಿದ. "ಅತ್ತೆ, ನಾನೇ ಹೇಳ್ಬೇಕು ಅಂತಿದ್ದೆ. ನಮ್ಮ ಡೈರೆಕ್ಟರ್ ವೈಫ್ ಹತ್ರ ಜಾಕೆಟ್ ಇರ್ಲಿಲ್ಲ. ನಿಮ್ದು ಕೊಟ್ಟೆ. ಕಾರ್ಡು ಅದ್ರಲ್ಲೇ ಇತ್ತು."

"ಕಾರ್ಡು ಅದರಲ್ಲಿ ಉಂಟು ಅಂತ ಗೊತ್ತಿತ್ತಾ, ಇಲ್ವಾ?"

"ಗೊತ್ತಿತ್ತು" ಎಂದ. "ಡೇ ಟಿಕೆಟ್ ರೇಟ್ ನೋಡಿದೀರಲ್ಲ. ನಿಮ್ಮ ಪಾಸು ಶನಿವಾರ ಸುಮ್ನೆ ಬಿದ್ದಿರತ್ತೆ. ವೇಸ್ಟ್ ಆಗೋದು ಯಾಕೆ ಅಂತ ಒಂದೇ ಒಂದು ದಿನ..."

"ಇದು ರದ್ದಾಗಿದೆ ಅಂತ ನಿಮಗೆ ಯಾವಾಗ ಗೊತ್ತಾದ್ದು?"

"ನಿನ್ನೆ ಮಧ್ಯಾಹ್ನ ಮೇಲ್ ಬಂತು. ಕಾಲ್ ಮಾಡಿ ಸರಿ ಮಾಡ್ಸೋಣ ಅನ್ಕೊಂಡೆ. ಬ್ಯಾಕ್ ಟು ಬ್ಯಾಕ್ ಮೀಟಿಂಗು."

"ನಿನ್ನೆ ಸಂಜೆ ನಾನು ಇದೇ ಮೇಜಿನಲ್ಲಿ ಕೂತು ಊಟ ಮಾಡಿದೆ. ನೀನು ನನ್ನ ಎದುರೇ ಇದ್ದಿ."

ಮದುವೆಯಾದ ದಿನದಿಂದ ಅಳಿಯನನ್ನು 'ನೀವು' ಎನ್ನದೆ ಮಾತಾಡಿಸದವಳ ಬಾಯಲ್ಲಿ 'ನೀನು' ಕೇಳಿ ನಿಶ್ಮಿತಾ ಹಿಡಿದಿದ್ದ ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

"ಬೆಳಿಗ್ಗೆ ಕತ್ತಲೆಯಲ್ಲಿ ನಾನು ಎದ್ದು ಹೋಗುವಾಗ ನೀನು ಮಲಗಿದ್ದಿ. ಅಲ್ಲಿ ಎಂತ ಆಗ್ತದೆ ಅಂತ ಗೊತ್ತಿದ್ದೂ ಕಳಿಸಿದಿ. ಅಷ್ಟು ಜನರ ಎದುರು ಆ ಮಿಷನು ಕೂಗುವಾಗ ನನಗೆ ಹೇಗಾಗಿರಬೇಕು ಹೇಳು."

"ಸಾರಿ ಅತ್ತೆ. ಉಳಿದ ಮಂಗಳವಾರಕ್ಕೆಲ್ಲ ನಾನೇ ಡೇ ಟಿಕೆಟ್ ತಗೊಡ್ತೀನಿ."

"ನಿನ್ನ ಟಿಕೇಟು ನನಗೆ ಬೇಡ. ನನ್ನ ಹೆಸರಿನ ಎದುರು ಮೋಸ ಅಂತ ಬರೆದಿದ್ದಾರೆ. ಅದನ್ನು ಅಳಿಸು. ಟ್ರೇಸಿಯ ಆಫೀಸಿಗೆ ನನ್ನ ಜೊತೆ ಬಾ, ಕೊಟ್ಟದ್ದು ನಾನು ಅಂತ ಹೇಳು."

ಆಗ ನಿಶ್ಮಿತಾ ಮಧ್ಯೆ ಬಂದಳು. "ಅಮ್ಮ, ಹಾಗೆ ಹೇಳಿದ್ರೆ ಇವರ ಪಾಸೂ ಹೋಗ್ತದೆ. ಮಾರ್ಚಲ್ಲಿ ಯೂಟಾ ಟ್ರಿಪ್ ಬುಕ್ ಆಗಿದೆ, ಡೈರೆಕ್ಟರ್ ಫ್ಯಾಮಿಲಿ ಜೊತೆ. ಇವರ ಪ್ರಮೋಷನ್ ಬೇರೆ ನಡೀತಾ ಉಂಟು. ನೀನು ವಾರಕ್ಕೆ ಒಂದು ದಿನ ಹೋಗುದು. ಈ ಒಂದು ವರ್ಷ ಬಿಟ್ಟುಬಿಡು."

ರತ್ನಾವತಿ ಮಗಳನ್ನು ನೋಡಿದಳು. ವಾರಕ್ಕೆ ಒಂದು ದಿನ. ಉಳಿದ ದಿನಗಳಲ್ಲಿ ಎರಡು ದಿನ ಮಾನ್ಯಾಳನ್ನು ಶಾಲೆಯಿಂದ ಕರೆತರುವುದು, ಒಂದು ದಿನ ಇವರಿಗಾಗಿ ಅಡಿಗೆ ಮಾಡಿ ಡಬ್ಬಿ ತುಂಬಿಡುವುದು, ಯಾರಿಗಾದರೂ ಜ್ವರ ಬಂದರೆ ಫ್ರೀಮಾಂಟಿನಿಂದ ಓಡಿ ಬರುವುದು. ಅವಳು ಬ್ಯಾಗು ತಂದು ಹೆಗಲಿಗೆ ಹಾಕಿಕೊಂಡಳು.

"ನಾನು ಬಾರ್ಟಿನಲ್ಲಿ ಹೋಗ್ತೇನೆ. ನಾಳೆಯಿಂದ ಮಾನ್ಯಾಳನ್ನು ಕರ್ಕೊಂಡು ಬರ್ಲಿಕ್ಕೆ ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ. ಅವರು ಆಫೀಸಿಗೆ ಬಂದು ಹೇಳುದಿಲ್ಲ ಅಂತಾದ್ರೆ ನಾನೇ ಹೇಳ್ತೇನೆ. ಅಳಿಯ ಕೊಟ್ಟ ಅಂತ ಅತ್ತೆ ಹೇಳುದು ಒಳ್ಳೇದಾ, ಅಳಿಯನೇ ಹೇಳುದು ಒಳ್ಳೇದಾ, ಇಬ್ಬರೂ ಕೂತು ಯೋಚನೆ ಮಾಡಿ."

ಬಿಡುತ್ತೇನೆಂದು ಸುಜಯ್ ಕೀಲಿ ಹಿಡಿದು ಹೊರಗೆ ಬಂದರೂ ಅವಳು ತಿರುಗಿ ನೋಡದೆ ನಡೆದಳು.

ಆ ವಾರ ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ಅವಳು ಯಾವ ಕೆಲಸ ಹಿಡಿದರೂ ಸಿಟ್ಟು ಜೊತೆಗೇ ಬರುತ್ತಿತ್ತು. ತೆಂಗಿನಕಾಯಿ ತುರಿಯುವಾಗ ಸುಜಯ್ ಮೇಲೆ. ಬಟ್ಟೆ ಮಡಚುವಾಗ ಆಲ್‌ಪೀಕ್ಸ್ ಮೇಲೆ. ಒಂದು ದಿನದ ಟಿಕೇಟಿಗೆ ನ್ಯಾಯವಾದ ಬೆಲೆ ಇಟ್ಟಿದ್ದರೆ ಆ ಹೆಂಗಸು ತನ್ನ ಟಿಕೇಟು ತಾನೇ ಕೊಳ್ಳುತ್ತಿರಲಿಲ್ಲವೇ? ಇಂಡಿಯನ್ ಗ್ರೋಸರಿಯಲ್ಲಿ ಸಾಲಿನಲ್ಲಿ ನಿಂತಾಗ ತನ್ನದೇ ಮೇಲೆ. ಒಂದು ಗುಡ್ಡೆ ಸಾಕು ಎಂದವಳು ಯಾಕೆ ಚೆಕ್ಕು ಬರೆದೆ? ಗುರುವಾರ ಮಾನ್ಯಾ ಫೋನು ಮಾಡಿದಳು.

"ಅಜ್ಜಿ, ಆರ್ ಯೂ ಮ್ಯಾಡ್ ಅಟ್ ಡ್ಯಾಡ್?"

"ಹೌದು ಮಗಾ. ತುಂಬ ಸಿಟ್ಟು ಬಂದಿದೆ."

"ಅಟ್ ಮೀ?"

"ನಿನ್ನ ಮೇಲೆ ಎಂತಕ್ಕೆ? ನೀನು ಎಂತ ಮಾಡಿದ್ದಿ?"

"ಓಕೆ" ಎಂದಳು ಮಾನ್ಯಾ, ಮತ್ತೆ ತನ್ನ ಗೆಳತಿಯ ಹೊಸ ನಾಯಿಯ ವಿಷಯ ಶುರುಮಾಡಿದಳು.

ಶುಕ್ರವಾರ ಸಂಜೆ ನಿಶ್ಮಿತಾ ಒಬ್ಬಳೇ ಬಂದಳು. ಚಹಾ ಕುಡಿದು ಲೋಟ ಕೆಳಗಿಟ್ಟು ತುಳುವಿನಲ್ಲಿ ಹೇಳಿದಳು, ಶನಿವಾರ ಬೆಳಿಗ್ಗೆ ಗರಾಜಿನಲ್ಲಿ ಸುಜಯ್ ಜಾಕೆಟ್ಟು ತೆಗೆದುಕೊಳ್ಳುವಾಗ ತಾನೂ ಅಲ್ಲಿದ್ದೆ. ಕಾರ್ಡಿನ ವಿಷಯ ತನಗೂ ಗೊತ್ತಿತ್ತು. ಬೇಡ ಎಂದು ಹೇಳಬೇಕು ಎನಿಸಿತು, ಹೇಳಲಿಲ್ಲ.

"ಎಂತಕ್ಕೆ ಹೇಳ್ಲಿಲ್ಲ?"

"ಡೈರೆಕ್ಟರ್, ಅವರ ಹೆಂಡತಿ ಕಾರಿನಲ್ಲಿ ಕಾಯ್ತಿದ್ರು ಅಮ್ಮ. ಲೇಟಾಗ್ತಿತ್ತು."

ರತ್ನಾವತಿಗೆ ಸುಜಯ್ ಮೇಲಿನ ಸಿಟ್ಟಿನಲ್ಲಿ ಒಂದು ತರಹದ ಬಲವಿತ್ತು, ಅದು ಅವಳನ್ನು ನೆಟ್ಟಗೆ ನಿಲ್ಲಿಸಿತ್ತು. ಇದು ಹಾಗಿರಲಿಲ್ಲ. ಆ ಹೊತ್ತಿನಲ್ಲಿ ತಾನು ಒಳಗೆ ಇವರ ಮಗಳಿಗೆ ತಲೆ ಬಾಚುತ್ತಿದ್ದೆ. ಇವಳು ಹತ್ತು ಹೆಜ್ಜೆ ನಡೆದು ಬಂದು ಕೇಳಿದ್ದರೆ ಆಗುತ್ತಿತ್ತು.

"ನೀನು ಈಗ ಹೋಗು ನಿಶ್ಮಿ" ಎಂದಳು. "ನಾನು ಏನಾದ್ರೂ ಹೇಳಿಬಿಟ್ಟೇನು. ಆಮೇಲೆ ಹಿಂದಕ್ಕೆ ತೆಗೊಳ್ಳಿಕ್ಕೆ ಆಗುದಿಲ್ಲ."

ಬಾಗಿಲ ಹತ್ತಿರ ನಿಂತು ನಿಶ್ಮಿತಾ, "ನಾಳೆ ಬೆಳಿಗ್ಗೆ ಅವರು ಬರ್ತಾರೆ. ನಾನು ಹೇಳಿದ್ದೇನೆ" ಎಂದಳು.

ಸುಜಯ್ ಬಂದ. ಬಕ್‌ಹಾರ್ನಿನ ದಾರಿಯುದ್ದಕ್ಕೂ ಶನಿವಾರದ ಸಾಲು. ಮೇಲೆ ಸ್ಕೀ ಕಟ್ಟಿಕೊಂಡ ಕಾರುಗಳು ಇಂಚಿಂಚಾಗಿ ಬೆಟ್ಟ ಹತ್ತುತ್ತಿದ್ದವು. ರೇಡಿಯೋ ಹಾಕಲು ಕೈ ಚಾಚಿದ ಸುಜಯ್ ಪಕ್ಕದಲ್ಲಿದ್ದ ರತ್ನಾವತಿಯ ಮುಖ ನೋಡಿ ಕೈ ಹಿಂತೆಗೆದ. ಬಕ್‌ಹಾರ್ನಿನ ಪಾರ್ಕಿಂಗ್ ತುಂಬಿ ಕಾರುಗಳು ರಸ್ತೆಬದಿಗೂ ಹರಡಿದ್ದವು. ಹಿಂದೆಂದೂ ಇಷ್ಟು ಜನವನ್ನು ರತ್ನಾವತಿ ಆ ಬೆಟ್ಟದಲ್ಲಿ ಕಂಡಿರಲಿಲ್ಲ. ಆ ಮೂರು ಹಳೆಯ ಲಿಫ್ಟುಗಳ ಮುಂದೆ ಜನ ಲಾಡ್ಜಿನ ಮೆಟ್ಟಿಲವರೆಗೂ ಸಾಲು ನಿಂತಿದ್ದರು. ಎಲ್ಲರ ತೋಳಿನಲ್ಲೂ ಅದೇ ಕಾರ್ಡು. ನಲವತ್ತು ಬೆಟ್ಟ ನಿಮ್ಮವೇ ಎಂದು ಎಲ್ಲರಿಗೂ ಮಾರಿದ್ದರು.

ಟ್ರೇಸಿಯ ಮುಂದೆ ಸುಜಯ್ ನಿಂತುಕೊಂಡೇ ಹೇಳಿದ. ಮೊದಲು ಜಾಕೆಟ್ಟಿನ ಕತೆ ತೆಗೆದ. ರತ್ನಾವತಿ ಅವನನ್ನೇ ನೋಡುತ್ತಿದ್ದಳು. ಅವನು ನಡುವೆ ನಿಲ್ಲಿಸಿ, ಮೊದಲಿನಿಂದ ಶುರುಮಾಡಿದ. ಕಾರ್ಡು ಇರುವುದು ಗೊತ್ತಿದ್ದೇ ಕೊಟ್ಟೆ. ಅತ್ತೆಯನ್ನು ಕೇಳಲಿಲ್ಲ. ಆ ಹೆಂಗಸಿಗೆ ಇದು ಅತಿಥಿಗಳಿಗೆಂದೇ ಕೊಡುವ ಪಾಸು ಎಂದು ಹೇಳಿದ್ದೆ. ಅವರದ್ದೂ ತಪ್ಪಿಲ್ಲ, ಇವರದ್ದೂ ಇಲ್ಲ.

ಟ್ರೇಸಿ ಅದನ್ನೆಲ್ಲ ಟೈಪು ಮಾಡಿಕೊಂಡಳು. "ನಿನ್ನ ಪಾಸನ್ನು ನಾನು ಈಗಲೇ ನಿಲ್ಲಿಸಬೇಕಾಗುತ್ತದೆ" ಎಂದಳು ಸುಜಯ್‌ಗೆ. ಅವನು ತಲೆಯಾಡಿಸಿದ.

"ನನ್ನದು?" ಎಂದಳು ರತ್ನಾವತಿ.

"ಅದು ನನ್ನ ಕೈಯಲ್ಲಿಲ್ಲ ರಟ್ನಾ. ಕಾರ್ಡು ಜೋಪಾನ ಮಾಡುವ ಜವಾಬ್ದಾರಿ ಕಾರ್ಡಿನವರದ್ದೇ ಎಂದು ನಿಯಮ. ಹೆಡ್ ಆಫೀಸಿಗೆ ಕಳಿಸುತ್ತೇನೆ. ಅವರು ಬೇರೆ ರಾಜ್ಯದಲ್ಲಿದ್ದಾರೆ."

"ಅವರು ನನ್ನನ್ನು ನೋಡಿದ್ದಾರಾ?"

"ಇಲ್ಲ."

"ನೀನು ನೋಡಿದ್ದೀಯ. ನಾನು ಎಂಥವಳು ಅಂತ ನಿನಗೆ ಗೊತ್ತಿದೆ. ಹೋದ ಮಂಗಳವಾರ ನನ್ನನ್ನು ಈ ಕುರ್ಚಿಯಲ್ಲಿ ಕೂರಿಸಿ ಮೋಸ ಎಂಬ ಮಾತು ಹೇಳುವಾಗ ನೀನು ಒಂದು ಸಲವಾದರೂ, ರಟ್ನಾ ಹಾಗೆ ಮಾಡುವವಳಲ್ಲ ಎಂದು ಅಂದುಕೊಂಡೆಯಾ?"

ಟ್ರೇಸಿಯ ಮುಖ ಕೆಂಪಾಯಿತು. "ಅಂದುಕೊಂಡೆ" ಎಂದಳು. "ಹೇಳಲಿಲ್ಲ."

"ಹೇಳಬೇಕಿತ್ತು" ಎಂದು ರತ್ನಾವತಿ ಎದ್ದಳು.

ವಾಪಸು ದಾರಿಯಲ್ಲಿ ಆಬರ್ನ್ ಊರು ದಾಟಿದ ಮೇಲೆ ಸುಜಯ್ ಬಾಯಿಬಿಟ್ಟ. "ಅತ್ತೆ, ಅವತ್ತು ಬಾಸ್ ಮುಂದೆ ಜಿಪುಣ ಅನ್ನಿಸ್ಕೊಳ್ಳೋಕೆ ಮನಸಾಗ್ಲಿಲ್ಲ. ಟಿಕೆಟ್ ಕೌಂಟರಲ್ಲಿ ರೇಟ್ ನೋಡಿ ಅವರಿಬ್ರೂ ಹಿಂದೆ ಮುಂದೆ ನೋಡ್ತಾರೆ ಅಂತ ಮೊದ್ಲೇ ಗೊತ್ತಿತ್ತು. ಬಾಸ್‌ಗೆ ನಾನು ಟಿಕೆಟ್ ತೆಗ್ದೆ. ಇನ್ನೊಂದೂ ತೆಗೀಬಹುದಿತ್ತು. ಪಾಸು ಮನೇಲಿದೆಯಲ್ಲ ಅನ್ನಿಸ್ತು."

"ನನ್ನ ಹತ್ರ ಕೇಳ್ಲಿಕ್ಕೆ ಎಂತ ಆಗಿತ್ತು?"

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ. ಬೇಡ ಅಂತ ಹೇಳ್ತಿದ್ದೆ. ಅದು ನಿನಗೆ ಗೊತ್ತಿತ್ತು. ಅದಕ್ಕೇ ನೀನು ಕೇಳ್ಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿ, ಹಿಮ ಮುಗಿದು ಹಸಿರು ಶುರುವಾಗುವುದನ್ನು ನೋಡುತ್ತ ಕೂತಳು.

ಹೆಡ್ ಆಫೀಸಿನ ಉತ್ತರ ಫೆಬ್ರವರಿ ಕೊನೆಗೆ ಬಂತು. ಮೋಸದ ಮಾತನ್ನು ತೆಗೆದುಹಾಕಿದ್ದೇವೆ. ಆದರೆ ಈ ಸೀಸನ್ನಿನ ಪಾಸು ಮರಳಿಸಲಾಗುವುದಿಲ್ಲ. ಮುಂದಿನ ವರ್ಷದ ಪಾಸನ್ನು ಏಪ್ರಿಲ್ ಒಳಗೆ ಕೊಂಡರೆ ರಿಯಾಯಿತಿ. ರತ್ನಾವತಿ ಮೊದಲ ಸಾಲನ್ನು ಎರಡು ಸಲ ಓದಿದಳು. ಕೊನೆಯ ಸಾಲು ಓದಿ ಡೋರಿಸ್‌ಗೆ ಫೋನು ಮಾಡಿ ಒಂದಷ್ಟು ಹೊತ್ತು ಮನಸಾರೆ ಬಯ್ದಳು. ಡೋರಿಸ್ ಎಲ್ಲ ಕೇಳಿ, ಕ್ಲಬ್ಬಿನ ಅರ್ಧಕ್ಕರ್ಧ ಜನಕ್ಕೆ ಬಕ್‌ಹಾರ್ನಿನ ಸಾಲು ಸಾಕಾಗಿದೆ, ಬಸ್ಸನ್ನು ಬೇರೆ ಕಡೆ ತಿರುಗಿಸುತ್ತಿದ್ದಾರೆ ಎಂದಳು. ಹೆದ್ದಾರಿಯಿಂದ ಒಳಗೆ, ಊರಿನವರೇ ನಡೆಸುವ ಒಂದು ಬೆಟ್ಟ. ಎರಡೇ ಲಿಫ್ಟು. ಯಾವ ಕಂಪನಿಯ ಪಾಸೂ ಅಲ್ಲಿ ನಡೆಯುವುದಿಲ್ಲ. ಬೆಟ್ಟವೂ ಗಿಡ್ಡ, ಇಳಿಯಲು ಶುರುಮಾಡಿದರೆ ಮುಗಿದೇ ಹೋಗುತ್ತದೆ.

"ಬರ್ತೇನೆ" ಎಂದಳು ರತ್ನಾವತಿ.

ಯೂಟಾಕ್ಕೆ ಯಾರೂ ಹೋಗಲಿಲ್ಲ. ತನ್ನ ಪಾಸು ಯಾಕೆ ರದ್ದಾಯಿತೆಂದು ಸುಜಯ್ ಡೈರೆಕ್ಟರಿಗೆ ಹೇಳಬೇಕಾಯಿತು. ಅದರಿಂದ ಪ್ರಮೋಷನ್ನಿಗೆ ಪೆಟ್ಟು ಬಿತ್ತೋ ಇಲ್ಲವೋ, ಅದು ಆ ವರ್ಷ ಬರಲಿಲ್ಲ. ನಿಶ್ಮಿತಾ ಒಮ್ಮೆ ಫೋನಿನಲ್ಲಿ ಆ ಮಾತು ತೆಗೆದಾಗ ರತ್ನಾವತಿಗೆ ಅಯ್ಯೋ ಅನಿಸಿದ್ದು ನಿಜ. ತಪ್ಪು ಮಾಡಿದೆ ಎಂದು ಮಾತ್ರ ಅನಿಸಲಿಲ್ಲ. ಮಾನ್ಯಾಳನ್ನು ಶಾಲೆಯಿಂದ ಕರೆತರುವುದನ್ನು ಅಷ್ಟರಲ್ಲಿ ಮತ್ತೆ ಶುರುಮಾಡಿದ್ದಳು. ಮಗು ಏನು ಮಾಡೀತು? ಆದರೆ ಸುಜಯ್ ಆಫೀಸಿನಿಂದ ಬರುವ ಮೊದಲೇ ಬಾರ್ಟ್ ಹಿಡಿದು ಹೊರಟುಬಿಡುತ್ತಿದ್ದಳು. ಸ್ಕೀ, ಬೂಟು, ಜಾಕೆಟ್ಟುಗಳನ್ನು ತಂದು ತನ್ನ ಮಂಚದ ಕೆಳಗೆ ತುರುಕಿಕೊಂಡಿದ್ದಳು. ಸೋಮವಾರ ಸಂಜೆಗಳನ್ನು ಈಗ ಡೋರಿಸ್ ಮನೆಯಲ್ಲಿ ಕಳೆಯುತ್ತಿದ್ದಳು.

ಮಾರ್ಚಿನ ಕೊನೆಯಲ್ಲಿ ನಿಶ್ಮಿತಾ ಕೇಳಿದಳು, "ಅಮ್ಮ, ಆಲ್‌ಪೀಕ್ಸ್ ಸೇಲ್ ಶುರುವಾಗಿದೆ. ನಿನಗೆ..."

"ಬೇಡ."

"ನಾವೂ ತೆಗೊಳ್ತಿಲ್ಲ. ಸುಮ್ನೆ ಕೇಳಿದ್ದು. ಮಾನ್ಯಾಗೆ ನಿನ್ನ ಆ ಹೊಸ ಸಣ್ಣ ಗುಡ್ಡೆಗೆ ಬರ್ಬೇಕಂತೆ. ಮಂಗಳವಾರ ಶಾಲೆ. ಭಾನುವಾರ ಆದ್ರೆ ಇವರು ಕರ್ಕೊಂಡು ಬರ್ತಾರೆ."

"ಬರ್ಲಿ. ಅವರ ಹತ್ರ ಮಾತಾಡು ಅಂತ ಮಾತ್ರ ನನಗೆ ಹೇಳ್ಬೇಡ."

ಆ ಭಾನುವಾರ ಹಿಮ ಕರಗಿ ಕೆಸರಾಗತೊಡಗಿತ್ತು. ಸುಜಯ್ ಕೆಳಗಿನ ಬೇಲಿಯ ಹತ್ತಿರ ನೀರು ಕುಡಿದ ಬೂಟಿನಲ್ಲಿ ನಿಂತಿದ್ದ. ತನಗೆ ಟಿಕೇಟು ತೆಗೆದಿರಲಿಲ್ಲ. ತೆಗೆಯಲು ಮನಸ್ಸಾಗಲಿಲ್ಲವೋ, ಧೈರ್ಯವಾಗಲಿಲ್ಲವೋ. ಅಜ್ಜಿ ಮೊಮ್ಮಗಳು ಕಿರುಗುಟ್ಟುವ ಲಿಫ್ಟಿನಲ್ಲಿ ಮೇಲೆ ಹೋದರು, ಇಳಿದರು, ಮತ್ತೆ ಹೋದರು. ಯಾರೂ ಎಣಿಸಲಿಲ್ಲ. ಒಮ್ಮೆ ಮೇಲೆ ಹೋಗುವಾಗ ಮಾನ್ಯಾ ಅಪ್ಪನತ್ತ ಕೈ ಬೀಸಿ, ಅಜ್ಜಿಯ ಮುಖ ನೋಡಿ, "ಸ್ಟಿಲ್ ಮ್ಯಾಡ್?" ಎಂದಳು.

"ಉಂಟು, ಸ್ವಲ್ಪ" ಎಂದಳು ರತ್ನಾವತಿ.

ಮಧ್ಯಾಹ್ನ ಬಿಸಿಲಿನ ಬೆಂಚಿನ ಮೇಲೆ ಕೂತು ಅವಳು ಚೀಲದಿಂದ ಊಟದ ಡಬ್ಬಿ ತೆಗೆದಳು. ಸುಜಯ್ ಸ್ವಲ್ಪ ದೂರದಲ್ಲೇ, ಕರೆಯುತ್ತಾರೋ ಇಲ್ಲವೋ ಎಂಬಂತೆ ನಿಂತಿದ್ದ. ಅವಳು ಮಾನ್ಯಾಳ ತಟ್ಟೆಗೆ ಮೊಸರನ್ನ ಹಾಕಿದಳು, ತನಗೆ ಹಾಕಿಕೊಂಡಳು, ಉಪ್ಪಿನಕಾಯಿ ಹಂಚಿದಳು. ಆಮೇಲೆ ಉಳಿದದ್ದನ್ನು ಡಬ್ಬಿಯ ಮುಚ್ಚಳಕ್ಕೆ ಸುರಿದು, ಅವನ ಮುಖ ನೋಡದೆ ಬೆಂಚಿನ ಆ ತುದಿಗೆ ಸರಿಸಿದಳು.

"ತಿನ್ನಿ" ಎಂದಳು. "ಡ್ರೈವ್ ಮಾಡ್ಲಿಕ್ಕುಂಟಲ್ಲ."